ಸೋರುವ ಪೈಪು, ಬಳ್ಳಾರಿ ಜಾಲಿ, ಕಾಲಿಗೆ ಮುಳ್ಳು: ಬಯಲುಸೀಮೆ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಹೊಸಪೇಟೆಯ ಹೊರಗಿನ ಒಂದು ಲೇಔಟಿನಲ್ಲಿದೆ. ಅರ್ಧ ಸೈಟುಗಳು ಇನ್ನೂ ಖಾಲಿ, ಖಾಲಿ ಇದ್ದಲ್ಲೆಲ್ಲ ಜಾಲಿ. ನಾನು ಪ್ಲಂಬರ್ ಅಲ್ಲ. ಆದರೆ ಮನೆ ಕಟ್ಟಿದ ಮೇಲೆ ಪ್ಲಂಬರ್ ಚಾಚಾನ ಹಿಂದೆ ಪಾನಾ ಹಿಡಿದು ನಿಂತು ನಿಂತು ಒಂದಿಷ್ಟು ಕಲಿತೆ. ಈಗ ಓಣಿಯವರು ಮೊದಲು ನನಗೆ ಫೋನ್ ಮಾಡುತ್ತಾರೆ, ಆಮೇಲೆ ಚಾಚಾನಿಗೆ. ಅವರು ಕೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಪೈಪಿನ ಪ್ರಶ್ನೆ, ಮುಳ್ಳಿನ ಪ್ರಶ್ನೆ ಒಂದರೊಳಗೊಂದು ಸಿಕ್ಕಿಕೊಂಡಿವೆ. ನಮ್ಮ ನೆಲದಲ್ಲಿ ಅವು ಇರುವುದೂ ಹಾಗೆಯೇ.

ಹಿತ್ತಲಲ್ಲಿ ನಾವು ನೀರೇ ಹಾಕದ ಜಾಗದಲ್ಲಿ ಜಾಲಿ ಹಸಿರಾಗಿ ನಿಂತಿದೆ. ಕೆಳಗೆ ಪೈಪ್ ಸೋರುತ್ತಿದೆಯೇ?

ಜಾಲಿ ನೋಡಿ ಹಾಗೆ ಹೇಳಲಿಕ್ಕೆ ಬರುವುದಿಲ್ಲ. ಅದು ಏಪ್ರಿಲ್‌ನಲ್ಲೂ ಹಸಿರು, ಬರಗಾಲದಲ್ಲೂ ಹಸಿರು. ಅಮೆರಿಕದ ಅರಿಜೋನಾದಲ್ಲಿ ಟ್ಯೂಸಾನ್ ಊರಿನ ಹತ್ತಿರದ ಒಂದು ತೆರೆದ ಗಣಿಯಲ್ಲಿ ಇದೇ ಕುಲದ ಗಿಡದ ಬೇರು 53 ಮೀಟರ್ ಆಳದಲ್ಲಿ ಸಿಕ್ಕಿದ್ದು ದಾಖಲಾಗಿದೆ. ಅಂದರೆ ಸುಮಾರು 175 ಅಡಿ. ಅಷ್ಟು ಆಳದಿಂದ ಕುಡಿಯಬಲ್ಲ ಗಿಡಕ್ಕೆ ನಿಮ್ಮ ಅರ್ಧ ಇಂಚಿನ ಪೈಪಿನ ದಯೆ ಬೇಕಿಲ್ಲ.

ನೋಡಬೇಕಾದ್ದು ಗರಿಕೆಯನ್ನು, ಜೇಕನ್ನು. ಬೇಸಿಗೆಯಲ್ಲಿ ಸುತ್ತಲ ಹುಲ್ಲೆಲ್ಲ ಒಣಗಿ ಬೆಳ್ಳಗಾದಾಗ ಒಂದು ಮೊಳ ಜಾಗದಲ್ಲಿ ಮಾತ್ರ ಗರಿಕೆ ಎಳೆಹಸಿರಾಗಿದ್ದರೆ ಅದರ ಕೆಳಗೆ ಸೋರಿಕೆ ಇದೆ ಅಂತಲೇ ಹಿಡಿಯಿರಿ. ಇರುವೆಗಳು ಅಲ್ಲಿಂದ ಹಸಿಮಣ್ಣು ಮೇಲೆ ತರುತ್ತಿದ್ದರೆ ಇನ್ನೊಂದು ಸಾಕ್ಷಿ. ನಮ್ಮ ಪಕ್ಕದ ಮನೆಯ ಅವ್ವ ಒಂದು ಬೇಸಿಗೆಯೆಲ್ಲ ಗಣಪತಿಗೆ ಗರಿಕೆ ಕೊಯ್ಯುತ್ತಿದ್ದುದು ಅಂಥದೇ ಜಾಗದಿಂದ. ಅಗೆದು ನೋಡಿದರೆ ಸಂಪಿನಿಂದ ಮೇಲೆ ಹೋಗುವ ಪೈಪಿನ ಎಲ್ಬೋ ಕೂದಲೆಳೆಯಷ್ಟು ಸೀಳಿತ್ತು.

ಅಗೆಯುವ ಮುಂಚೆ ಒಂದು ಪರೀಕ್ಷೆ ಮಾಡಿ. ರಾತ್ರಿ ಮಲಗುವಾಗ ಮೋಟರ್ ಬಂದ್ ಮಾಡಿ, ಮನೆಯ ಎಲ್ಲ ನಲ್ಲಿ ಬಿಗಿಯಾಗಿ ಮುಚ್ಚಿ, ಸಂಪು ಮತ್ತು ಮೇಲಿನ ಟ್ಯಾಂಕ್ ಎರಡರಲ್ಲೂ ನೀರು ಎಲ್ಲಿವರೆಗೆ ಇದೆ ಎಂದು ಗುರುತು ಹಾಕಿ. ಬೆಳಿಗ್ಗೆ ಯಾರೂ ನಲ್ಲಿ ಮುಟ್ಟುವ ಮುಂಚೆ ನೋಡಿ. ಮೇಲಿನದು ಇಳಿದಿದ್ದರೆ ಮನೆಯೊಳಗಿನ ಲೈನ್, ಇಲ್ಲವೇ ಕಮೋಡಿನ ಫ್ಲಶ್ ಟ್ಯಾಂಕ್. ಸಂಪು ಇಳಿದಿದ್ದರೆ ಸಂಪಿನ ಗೋಡೆ. ಎರಡೂ ಇಳಿದಿಲ್ಲ, ಆದರೂ ನೆಲ ಹಸಿ ಅಂದರೆ ಬಚ್ಚಲ ನೀರಿನ ಪೈಪ್, ಇಲ್ಲವೇ ಮೋಟರ್ ಓಡುವಾಗ ಮಾತ್ರ ಸೋರುವ ಲೈನ್.

ಜಾಲಿ ಬೇರು ಪೈಪನ್ನು ಒಡೆಯುತ್ತದೆಯೇ?

ಗಟ್ಟಿ ಇರುವ ಪೈಪನ್ನು ಬೇರು ಕೊರೆದುಕೊಂಡು ಒಳಗೆ ಹೋಗುವುದಿಲ್ಲ. ಮೊದಲು ಜಾಯಿಂಟ್ ಸೋರಬೇಕು. ಹಸಿ ಹುಡುಕಿಕೊಂಡು ಕೂದಲಿನಷ್ಟು ತೆಳ್ಳಗಿನ ಬೇರು ಆ ಸಂದಿಗೆ ಬರುತ್ತದೆ, ಒಳಗೆ ನುಗ್ಗುತ್ತದೆ, ಆಮೇಲೆ ದಪ್ಪಗಾಗುತ್ತ ಸಂದಿಯನ್ನೇ ಅಗಲ ಮಾಡುತ್ತದೆ. ತಪ್ಪು ಜಾಯಿಂಟಿನದು, ಬೈಗುಳ ಜಾಲಿಗೆ.

ನಮ್ಮ ಮನೆಯಲ್ಲೇ ಆಗಿದ್ದು ಹೇಳುತ್ತೇನೆ. ಯುಗಾದಿ ದಿನ ಎಣ್ಣೆಸ್ನಾನದ ನೀರು ಬಚ್ಚಲಿನಿಂದ ಇಳಿಯದೆ ಉಲ್ಟಾ ಬಂತು. ಹೊರಗಿನ ಚೇಂಬರಿನ ಮುಚ್ಚಳ ಎತ್ತಿದರೆ ಪೈಪಿನ ಬಾಯಿಂದ ಕಂದು ಬಣ್ಣದ್ದೇನೋ ಇಣುಕುತ್ತಿತ್ತು. ಸತ್ತ ಇಲಿ ಇರಬೇಕು ಅಂದುಕೊಂಡೆ. ಚಾಚಾ ಕೈಗೆ ಗವಸು ಹಾಕಿ ಎಳೆದ. ಬಂತು, ಬರುತ್ತಲೇ ಇತ್ತು. ಆರಡಿ ಉದ್ದದ ಬೇರಿನ ಜಡೆ, ತುದಿಯಲ್ಲಿ ಕುಚ್ಚು ಕಟ್ಟಿದ ಹಾಗೆ ಸೋಪಿನ ಗಸಿ, ತಲೆಗೂದಲು. "ಬೇರಿಗೆ ಬೈಬ್ಯಾಡ್ರಿ, ಜಾಯಿಂಟ್ ಮಾಡಿದವ್ನಿಗೆ ಬೈರಿ" ಅಂದ. ಅಗೆದು ನೋಡಿದರೆ ಎರಡು ಪೈಪ್ ಸೇರುವಲ್ಲಿ ಸಲ್ಯೂಷನ್, ಅಂದರೆ ಪೈಪಿನ ಅಂಟು, ಹಚ್ಚಿರಲಿಲ್ಲ, ಬರೀ ಸಿಮೆಂಟ್ ಮೆತ್ತಿದ್ದರು.

ಹಳೇ ಮನೆಗಳಲ್ಲಿ ಸ್ಟೋನ್‌ವೇರ್ (ಸುಟ್ಟ ಮಣ್ಣಿನ) ಪೈಪ್ ಇದ್ದರೆ ಎರಡೆರಡು ಅಡಿಗೆ ಒಂದೊಂದು ಸಿಮೆಂಟ್ ಜಾಯಿಂಟ್ ಇರುತ್ತದೆ. ಅಲ್ಲಿ ಬೇರು ನುಗ್ಗುವುದು ಬರೀ ಕಾಲದ ಮಾತು. ಬೇರು ಕತ್ತರಿಸಿದರೆ ಮತ್ತೆ ಬರುತ್ತದೆ. ಆ ತುಂಡನ್ನೇ ತೆಗೆದು ನಾಲ್ಕಿಂಚಿನ ಪಿವಿಸಿ ಹಾಕಿಸಿ, ಜಾಯಿಂಟಿಗೆ ರಬ್ಬರ್ ರಿಂಗ್ ಅಥವಾ ಸಲ್ಯೂಷನ್ ಸರಿಯಾಗಿ ಬೀಳುವಂತೆ ಎದುರೇ ನಿಂತು ನೋಡಿ.

ಚೇಂಬರ್ ಕಟ್ಟಿಕೊಂಡರೆ ನಾವೇ ತೆಗೆಯಬಹುದೇ? ಶೌಚದ ಗುಂಡಿ?

ಬಚ್ಚಲ ನೀರಿನ ಚಿಕ್ಕ ಚೇಂಬರನ್ನು ಮೇಲೆ ನಿಂತು ಬಿದಿರು ಪಟ್ಟಿಯಿಂದ ಬಿಡಿಸಬಹುದು. ಬಿದಿರು ಹಾಕುವುದು ಕೆಳಗಿನ ಚೇಂಬರಿನಿಂದ ಮೇಲಕ್ಕೆ. ಮೇಲಿನಿಂದ ನೂಕಿದರೆ ಕಸ ಇನ್ನೂ ಬಿಗಿಯಾಗುತ್ತದೆ.

ಸೆಪ್ಟಿಕ್ ಗುಂಡಿಗೆ ಮಾತ್ರ ಯಾರೂ ಇಳಿಯಕೂಡದು. ನೀವೂ ಇಳಿಯಬೇಡಿ, ದುಡ್ಡು ಕೊಟ್ಟು ಇನ್ನೊಬ್ಬರನ್ನೂ ಇಳಿಸಬೇಡಿ. ಒಳಗಿನ ವಿಷಾನಿಲ ಒಂದೆರಡು ಉಸಿರಿನಲ್ಲೇ ಮನುಷ್ಯನನ್ನು ಕೆಡವುತ್ತದೆ. ಎತ್ತಲು ಇಳಿದವನೂ ಅಲ್ಲೇ ಬೀಳುತ್ತಾನೆ. ರಕ್ಷಣೆಯ ಸಾಧನವಿಲ್ಲದೆ ಹಾಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯಂತೆ ಅಪರಾಧ. 2023ರಲ್ಲಿ ಸುಪ್ರೀಂ ಕೋರ್ಟ್ ಇಂಥ ಸಾವಿನ ಪರಿಹಾರವನ್ನು 30 ಲಕ್ಷ ರೂಪಾಯಿಗೆ ಏರಿಸಿದೆ. ಸಕಿಂಗ್ ಮಷೀನ್ ಲಾರಿ ಕರೆಸಿ. "ಅವ್ರಿಗೆ ರೂಢಿ ಐತಿ ಬಿಡ್ರಿ" ಅನ್ನುವ ಮಾತು ನನ್ನ ಎದುರು ಆಡಬೇಡಿ.

ನಲ್ಲಿ ತೊಟ್ಟಿಕ್ಕುತ್ತದೆ. ವಾಷರ್ ಹಾಕಿದರೆ ಸಾಕೇ, ನಲ್ಲಿಯನ್ನೇ ಬದಲಿಸಬೇಕೇ?

ಎಷ್ಟು ತಿರುವಿದರೂ ತಿರುಗುತ್ತಲೇ ಹೋಗುವ ಹಳೇ ತಿರುಪಿನ ನಲ್ಲಿಯಾದರೆ ವಾಷರ್ ಸವೆದಿದೆ. ಅರ್ಧ ಸುತ್ತಿಗೇ ತೆರೆದು ಮುಚ್ಚುವ ಈಗಿನ ನಲ್ಲಿಯಾದರೆ ಒಳಗೆ ಸ್ಪಿಂಡಲ್ ಇರುತ್ತದೆ. ಅದರ ಸೆರಾಮಿಕ್ ಬಿಲ್ಲೆಗಳ ನಡುವೆ ಮರಳಿನ ಕಣವೋ ಉಪ್ಪೋ ಕೂತಿರುತ್ತದೆ. ಹಳೇ ಸ್ಪಿಂಡಲ್ಲನ್ನು ಬಿಚ್ಚಿ ಅಂಗಡಿಗೆ ತೆಗೆದುಕೊಂಡೇ ಹೋಗಿ. ಬಾಯಲ್ಲಿ ಅಳತೆ ಹೇಳಿ ತಂದ ಸ್ಪಿಂಡಲ್ ನನಗಂತೂ ಒಮ್ಮೆಯೂ ಕೂತಿಲ್ಲ.

ಒಂದು ತೊಟ್ಟಿಗೆ ಏನಾದೀತು ಅನ್ನುವವರು ಕೆಳಗೆ ಲೀಟರ್ ಬಾಟಲಿ ಇಟ್ಟು ಗಡಿಯಾರ ನೋಡಿ. ಎರಡು ಗಂಟೆಗೆ ತುಂಬಿದರೆ ದಿನಕ್ಕೆ 12 ಲೀಟರ್, ತಿಂಗಳಿಗೆ 360. ಹದಿನೈದು ಲೀಟರಿನ ಕೊಡದ ಲೆಕ್ಕದಲ್ಲಿ 24 ಕೊಡ. ಟ್ಯಾಂಕರ್ ನೀರು ಕೊಳ್ಳುವ ನಮಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಬಿಚ್ಚುವ ಮುಂಚೆ ಟ್ಯಾಂಕಿನ ಗೇಟ್ ವಾಲ್ವ್ ಬಂದ್ ಮಾಡಿ. ಇದನ್ನು ಹೇಳಬೇಕೇ ಎಂದು ನಗಬೇಡಿ. ನಾನೇ ಒಮ್ಮೆ ಮರೆತು ಅಡುಗೆಮನೆಯಲ್ಲಿ ಹೊಳೆ ಹರಿಸಿದ್ದೇನೆ.

ಟೇಪ್ ಸುತ್ತಿದರೂ ಥ್ರೆಡ್‌ನಲ್ಲಿ ನೀರು ಬರುತ್ತದೆ.

ಸುತ್ತಿದ ದಿಕ್ಕು ಉಲ್ಟಾ ಆಗಿರಬೇಕು. ನಲ್ಲಿಯ ಥ್ರೆಡ್ ಇರುವ ತುದಿಯನ್ನು ನಿಮ್ಮ ಮುಖಕ್ಕೆ ಹಿಡಿದು ಗಡಿಯಾರದ ಮುಳ್ಳು ಸುತ್ತುವ ದಿಕ್ಕಿಗೆ, ಎಳೆದು ಬಿಗಿಯಾಗಿ, ಎಂಟು ಹತ್ತು ಸುತ್ತು. ಉಲ್ಟಾ ಸುತ್ತಿದರೆ ನಲ್ಲಿ ತಿರುಗಿಸುವಾಗ ಟೇಪ್ ಬಿಚ್ಚಿಕೊಂಡು ಹೊರಗೆ ಬರುತ್ತದೆ. ಪ್ಲಾಸ್ಟಿಕ್ ಫಿಟಿಂಗ್ ಆದರೆ ಪಾನಾ ಹಾಕಿ ಜೋರು ತೋರಿಸಬೇಡಿ, ಸೀಳುತ್ತದೆ.

ಬಿಳಿ ಪೈಪಿಗೂ ಕೆನೆ ಬಣ್ಣದ ಪೈಪಿಗೂ ಒಂದೇ ಸಲ್ಯೂಷನ್ ಹಚ್ಚಬಹುದೇ?

ಬೇಡ. ಕೆನೆ ಬಣ್ಣದ್ದು ಸಿಪಿವಿಸಿ, ಬಿಸಿನೀರಿಗೂ ಆಗುತ್ತದೆ. ಬಿಳಿಯದು ಯುಪಿವಿಸಿ, ತಣ್ಣೀರಿಗೆ ಮಾತ್ರ. ಎರಡಕ್ಕೂ ಬೇರೆ ಬೇರೆ ಸಲ್ಯೂಷನ್. ಒಂದಕ್ಕೊಂದು ಸೇರಿಸಲೇಬೇಕಾದರೆ ಹಿತ್ತಾಳೆ ಥ್ರೆಡ್ ಇರುವ ಅಡಾಪ್ಟರ್ ಹಾಕಿ. ಹಚ್ಚಿದ ಮೇಲೆ ಒಣಗಲು ಬಿಡಿ. ಡಬ್ಬಿಯ ಮೇಲೆ ಎಷ್ಟು ಹೊತ್ತು ಎಂದು ಬರೆದಿರುತ್ತದೆ, ಆದರೆ ಅದನ್ನು ಓದುವಷ್ಟು ತಾಳ್ಮೆ ಇರುವುದಿಲ್ಲ ನಮಗೆ.

ಬೋರ್ ನೀರಿನ ಬಿಳಿ ಉಪ್ಪು ನಲ್ಲಿ, ಶವರ್, ಗೀಸರ್ ಎಲ್ಲ ಹಾಳು ಮಾಡುತ್ತಿದೆ.

ನಮ್ಮ ಕಡೆಯ ದೊಡ್ಡ ಪ್ಲಂಬಿಂಗ್ ರೋಗ ಇದೇ. ಉಪ್ಪು ಅನ್ನುತ್ತೇವೆ, ನಿಜಕ್ಕೂ ಅದು ಸುಣ್ಣದಂಥ ಗಟ್ಟಿ ಪದರ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಗಡಸುತನ (ಈ ಪದರ ಕಟ್ಟುವ ಲವಣಗಳ ಪ್ರಮಾಣ) ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಬೋರ್ ಹಾಕಿಸಿದವರು ಲಕ್ಷಗಟ್ಟಲೆ ಖರ್ಚು ಮಾಡಿ ನೀರನ್ನು ಒಮ್ಮೆಯೂ ಪರೀಕ್ಷೆ ಮಾಡಿಸುವುದಿಲ್ಲ. ಮಾಡಿಸಿ. ಅದೇ ವರದಿಯಲ್ಲಿ ಫ್ಲೋರೈಡ್ ಎಷ್ಟಿದೆ ಎಂದೂ ನೋಡಿ. ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ಬೇಡ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಕುದಿದು ಬತ್ತಿದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ.

ಶವರಿನ ತೂತು ಕಟ್ಟಿದ್ದರೆ ಬಿಚ್ಚಿ ಒಂದು ರಾತ್ರಿ ವಿನೆಗರ್‌ನಲ್ಲಿ ಮುಳುಗಿಸಿಡಿ. ನಿಂಬೆರಸ, ಹುಣಸೆಹುಳಿಯೂ ನಡೆಯುತ್ತವೆ, ಸ್ವಲ್ಪ ನಿಧಾನ. ನಮ್ಮ ಅಮ್ಮ ತಾಮ್ರದ ಹಂಡೆ ತಿಕ್ಕಿ ಮಿಕ್ಕ ಹುಣಸೆಹಣ್ಣಿನಲ್ಲೇ ನಲ್ಲಿ ಮೂತಿಯನ್ನೂ ತಿಕ್ಕುತ್ತಾಳೆ. ನಮ್ಮನೆಯಲ್ಲಿ ಹೆಚ್ಚು ಹೊಳೆಯುವ ನಲ್ಲಿ ಅದೇ. ಬಚ್ಚಲು ತೊಳೆಯುವ ಆಸಿಡ್ ಹಾಕಿದರೆ ನಲ್ಲಿಯ ಹೊಳಪು ಸುಲಿದು ಹೋಗುತ್ತದೆ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಬರಬಹುದು.

ಗೀಸರಿನಿಂದ ಕಾಳು ಹುರಿದ ಹಾಗೆ ಸದ್ದು ಬಂದರೆ ಕಾಯಿಲ್ ಮೇಲೆ ಪದರ ಕಟ್ಟಿದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ಕೆರೆಸಿ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನೇ ಸವೆಯುವ ಆನೋಡ್ ಸರಳು ಒಳಗಿರುತ್ತದೆ, ಅದು ಕರಗಿದ್ದರೆ ಅದನ್ನೂ ಬದಲಿಸಿ. ಉಷ್ಣತೆಯ ಗುಂಡಿಯನ್ನು ತುದಿವರೆಗೆ ತಿರುವಿಡಬೇಡಿ; ನೀರು ಬಿಸಿಯಾದಷ್ಟೂ ಪದರ ಬೇಗ ಕಟ್ಟುತ್ತದೆ.

ಮಾಳಿಗೆ ಮೇಲಿನ ಪೈಪ್ ಬಿಸಿಲಿಗೆ ಬಾಗಿದೆ, ಮುಟ್ಟಿದರೆ ಪುಡಿಯಾಗುತ್ತದೆ.

40 ಡಿಗ್ರಿ ಬಿಸಿಲಿಗೆ ಪ್ಲಾಸ್ಟಿಕ್ ಇನ್ನೇನಾಗಬೇಕು? ಎರಡೆರಡು ಅಡಿಗೆ ಕ್ಲಾಂಪ್ ಹಾಕಿ, ನೀರಿನಲ್ಲಿ ಕಲಸುವ ಬಿಳಿ ಪೇಂಟ್ ಹೊಡೆಯಿರಿ. ಆಯಿಲ್ ಪೇಂಟ್ ಬೇಡ, ಅದರಲ್ಲಿರುವ ದ್ರಾವಕ ಸಿಪಿವಿಸಿಗೆ ಆಗುವುದಿಲ್ಲ.

ವಾಲ್ವಿನ ಗುಂಡಿಗೆ ಕೈ ಹಾಕುವ ಮುಂಚೆ?

ಕಡ್ಡಿ ಆಡಿಸಿ, ಟಾರ್ಚ್ ಬಿಟ್ಟು ನೋಡಿ. ತಂಪು, ನೆರಳು, ಹಸಿ ಮೂರೂ ಸಿಗುವ ಜಾಗ ನಮ್ಮಲ್ಲಿ ಅದೊಂದೇ. ಚೇಳಿಗೂ ಅದು ಗೊತ್ತು, ಹಾವಿಗೂ ಗೊತ್ತು. ಮೀಟರಿನ ಡಬ್ಬಿಗೂ ಇದೇ ಮಾತು. ಹಾವು ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು ಮಾಡಬೇಡಿ. 108ಕ್ಕೆ ಫೋನ್ ಮಾಡಿ, ಅಲುಗಾಡಿಸದೆ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ.

ಜಾಲಿಯನ್ನು ಎಷ್ಟು ಸಲ ಕಡಿದರೂ ಮತ್ತೆ ಚಿಗುರುತ್ತದೆ. ಏನು ಮಾಡಲಿ?

ಕಡಿಯುವುದು ಅದಕ್ಕೆ ಕ್ಷೌರ ಇದ್ದ ಹಾಗೆ. ಒಂದು ಕಾಂಡ ಕಡಿದರೆ ಹತ್ತು ಕವಲು ಬರುತ್ತವೆ. ಚಿಗುರುವ ಮೊಗ್ಗುಗಳು ಇರುವುದು ನೆಲಮಟ್ಟದಲ್ಲಿ ಮತ್ತು ಅದರ ತುಸು ಕೆಳಗೆ, ಬೇರು ಕಾಂಡ ಸೇರುವ ಗಂಟಿನಲ್ಲಿ. ಹಾಗಾಗಿ ಸುತ್ತ ಒಂದಡಿ ಆಳ ಅಗೆದು, ಆ ಗಂಟಿನ ಕೆಳಗೆ ಕಡಿದು, ಗಂಟನ್ನೇ ಎತ್ತಿ ಹಾಕಬೇಕು. ಕೆಳಗಿನ ತಾಯಿಬೇರು ಎಷ್ಟೇ ಆಳಕ್ಕಿರಲಿ, ಬಿಡಿ. ಅದರಿಂದ ಚಿಗುರು ಬರುವುದಿಲ್ಲ.

ಜೆಸಿಬಿ ತರಿಸುವವರು ಮೊದಲು ಪೈಪ್ ಎಲ್ಲಿ ಹೋಗಿದೆ ಎಂದು ಸುಣ್ಣದಲ್ಲಿ ಗೆರೆ ಎಳೆಯಿರಿ. ನಮ್ಮ ಓಣಿಯಲ್ಲಿ ಒಂದು ಜಾಲಿ ಕೀಳಲು ಹೋಗಿ ಮೂರು ಮನೆಯ ನೀರು ನಿಂತಿತ್ತು.

ಕೈಯಿಂದ ಮಾಡುವುದಾದರೆ ಕವೆಗೋಲು, ಕೊಡಲಿ, ಹಾರೆ, ಗಟ್ಟಿ ಅಟ್ಟೆಯ ಬೂಟು. ಹವಾಯಿ ಚಪ್ಪಲಿ ಜಾಲಿ ಮುಳ್ಳಿಗೆ ಬೆಣ್ಣೆ. ಕವೆಗೋಲಿನಿಂದ ಕೊಂಬೆಯನ್ನು ಎತ್ತಿ ಹಿಡಿದು ಬುಡಕ್ಕೆ ಕೊಡಲಿ ಹಾಕಬೇಕು, ಕೊಂಬೆ ನಿಮ್ಮ ಮೈಮೇಲೆ ಬೀಳದ ಕಡೆ ನಿಂತು. ಕೊಂಬೆಯನ್ನು ಎಳೆಯಬೇಡಿ, ಬಿಟ್ಟಾಗ ಅದು ಬಿಲ್ಲಿನ ಹಾಗೆ ಮುಖಕ್ಕೆ ಬರುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಕಡಿದ ಬೊಡ್ಡೆಗೆ ಡೀಸೆಲ್ ಹೊಯ್ಯುತ್ತಾರೆ. ಬೋರ್, ಸಂಪು, ಬಾವಿ ಹತ್ತಿರವಿದ್ದರೆ ಅದನ್ನು ಮಾಡಬೇಡಿ, ನೀವೇ ಕುಡಿಯುವ ನೀರು. ಉಪ್ಪು ಸುರಿಯುವವರೂ ಇದ್ದಾರೆ. ಜಾಲಿ ಉಪ್ಪನ್ನು ತಡೆಯುತ್ತದೆ, ನಿಮ್ಮ ಮಲ್ಲಿಗೆ ತಡೆಯುವುದಿಲ್ಲ.

ಸಸಿಗಳನ್ನು ಮೊದಲ ಮಳೆ ಬಿದ್ದ ಮಾರನೇ ದಿನ ಕೀಳಿ. ನೆಲ ಮೆತ್ತಗಿರುವಾಗ ಬೇರು ಸಮೇತ ಬರುತ್ತದೆ. ತಿಂಗಳು ತಡೆದರೆ ಹಾರೆ ಬೇಕು.

ಕೈತೋಟಕ್ಕೆ ಗೊಬ್ಬರ ಹಾಕಿದ ಮೇಲೆ ಜಾಲಿ ಸಸಿ ಎದ್ದವು. ಎಲ್ಲಿಂದ?

ಗೊಬ್ಬರದಿಂದಲೇ. ಜಾಲಿ ಕಾಯಿ ಸಿಹಿ. ಆಡು, ಕುರಿ, ದನ ತಿನ್ನುತ್ತವೆ. ಬೀಜ ಹೊಟ್ಟೆಯಲ್ಲಿ ಕರಗದೆ ಹಿಕ್ಕೆ, ಸಗಣಿಯಲ್ಲಿ ಹೊರಬಂದು ಇನ್ನೂ ಚೆನ್ನಾಗಿ ಮೊಳೆಯುತ್ತದೆ. ಪೂರ್ತಿ ಕೊಳೆತ ಗೊಬ್ಬರ ತನ್ನಿ.

ಇದು ಬಳ್ಳಾರಿಯ ಗಿಡವೇ?

ಹೆಸರಿಗೆ ಬಳ್ಳಾರಿ, ಹುಟ್ಟೂರು ಮೆಕ್ಸಿಕೊ, ಮಧ್ಯ ಮತ್ತು ದಕ್ಷಿಣ ಅಮೆರಿಕ. 1877ರ ಸುಮಾರಿಗೆ ಮದ್ರಾಸ್ ಪ್ರಾಂತ್ಯದ ಅರಣ್ಯ ಇಲಾಖೆಯವರು ಸೌದೆಗೆಂದು ಕಡಪ ಜಿಲ್ಲೆಯ ಕಮಲಾಪುರದಲ್ಲಿ ನೆಟ್ಟರು. ಆಗ ಬಳ್ಳಾರಿಯೂ ಮದ್ರಾಸಿಗೇ ಸೇರಿತ್ತು. ಗುಜರಾತಿನವರು ಇದನ್ನು ಗಾಂಡೋ ಬಾವಳ್, ಅಂದರೆ ಹುಚ್ಚು ಜಾಲಿ ಅನ್ನುತ್ತಾರೆ. ತಮಿಳರಿಗೆ ಇದು ಸೀಮೆ ಕರುವೇಲ, ಸೀಮೆಯಿಂದ ಬಂದದ್ದು. ಪರದೇಶದ್ದೆಂದು ಅವರು ನೆನಪಿಟ್ಟುಕೊಂಡರು, ನಾವು ನಮ್ಮ ಊರಿನ ಹೆಸರನ್ನೇ ಕೊಟ್ಟುಬಿಟ್ಟೆವು. 2021ರಲ್ಲಿ ನಮ್ಮ ಜಿಲ್ಲೆ ವಿಜಯನಗರವಾಯಿತು, ಜಾಲಿ ಮಾತ್ರ ಇನ್ನೂ ಬಳ್ಳಾರಿಯದೇ.

ಬೈಯುವುದರ ಜೊತೆಗೆ ಇದನ್ನೂ ಹೇಳಬೇಕು: ಎಷ್ಟೋ ಮನೆಗಳ ಒಲೆ ಉರಿದದ್ದು ಇದರಿಂದ, ಇದ್ದಿಲು ಮಾಡಿ ಬದುಕಿದವರಿದ್ದಾರೆ. ಕಡಿದ ಕಟ್ಟಿಗೆಯನ್ನು ಸುಡಬೇಡಿ, ಹೇಳಿ ಕಳಿಸಿ, ಒಯ್ಯುವವರು ಬರುತ್ತಾರೆ.

ಎಲ್ಲ ಮುಳ್ಳುಮರವೂ ಇದೇನಾ? ಕೆಲಸದವರು ಪೂರ್ತಿ ಸವರಿಬಿಡುತ್ತಾರೆ.

ನಿಂತು ನೋಡಿ. ಬಳ್ಳಾರಿ ಜಾಲಿಯ ಹೂವು ಬೆರಳುದ್ದದ ತಿಳಿಹಳದಿ ತೆನೆ, ಕಾಯಿ ಹಳದಿ ಪಟ್ಟಿ. ಕರಿಜಾಲಿಯ ಹೂವು ಅರಿಶಿನದ ಗುಂಡು, ಕಾಯಿ ಮಣಿಸರದ ಹಾಗೆ ನಡುನಡುವೆ ಸೊಂಟ ಬಿಟ್ಟದ್ದು. ಅದು ನಮ್ಮದೇ ಮರ, ಉಳಿಸಿ. ಬನ್ನಿಯ ಮುಳ್ಳು ಗಿಡ್ಡ, ಮೊನಚಾದ ಗುಬುಟಿನ ಹಾಗೆ. ಕುಲದಲ್ಲಿ ಬನ್ನಿ ಈ ಜಾಲಿಯ ದಾಯಾದಿ, ಎಳೆಯ ಗಿಡದಲ್ಲಿ ಗೊಂದಲವಾಗುತ್ತದೆ. ಗೊತ್ತಿಲ್ಲದೆ ಬನ್ನಿಯನ್ನು ಕಡಿಸಿ ದಸರೆಯ ಹೊತ್ತಿಗೆ ಹಿರಿಯರಿಂದ ಅನ್ನಿಸಿಕೊಳ್ಳಬೇಡಿ. ಮರ ನಿಮ್ಮ ಸೈಟಿನ ಹೊರಗಿದ್ದರೆ ಕೇಳದೆ ಮುಟ್ಟಲೇಬೇಡಿ.

ಪಾಪಾಸುಕಳ್ಳಿ ಮುಟ್ಟಿದೆ. ಕೈತುಂಬ ಕಾಣದ ಮುಳ್ಳು, ಉರಿ.

ಅದರಲ್ಲಿ ಎರಡು ಬಗೆಯ ಮುಳ್ಳು. ದೊಡ್ಡದು ಕಾಣುತ್ತದೆ. ಅದರ ಬುಡದಲ್ಲಿ ಹಳದಿ ಮಖಮಲ್ಲಿನಂತೆ ಕಾಣುವ ಧೂಳಿದೆಯಲ್ಲ, ಅದರ ಒಂದೊಂದು ಎಳೆಗೂ ಹಿಂದಕ್ಕೆ ಬಾಗಿದ ಕೊಕ್ಕೆ. ತಿಕ್ಕಬೇಡಿ, ಬಾಯಿಂದ ತೆಗೆಯಬೇಡಿ. ಮೊದಲು ಚಿಮಟದಿಂದ ಗೊಂಚಲಾಗಿ ಇರುವುದನ್ನು ಕೀಳಿ. ಆಮೇಲೆ ಬಿಳಿ ಫೆವಿಕಾಲ್ ತೆಳ್ಳಗೆ ಸವರಿ, ಮೇಲೆ ಬ್ಯಾಂಡೇಜ್ ಬಟ್ಟೆ ಒತ್ತಿ, ಅರ್ಧ ಗಂಟೆ ಒಣಗಿಸಿ ನಿಧಾನಕ್ಕೆ ಸುಲಿಯಿರಿ. ಕಣ್ಣಿಗೆ, ತುಟಿಗೆ ಬಿದ್ದಿದ್ದರೆ ಡಾಕ್ಟರೇ ಆಗಬೇಕು. ಪೈಪ್ ಕೆಲಸದ ಸಲ್ಯೂಷನ್ ಹಚ್ಚಲು ಹೊರಟಿದ್ದವನೊಬ್ಬನನ್ನು ನಾನೇ ತಡೆದಿದ್ದೇನೆ. ಅದು ಚರ್ಮ ಸುಡುತ್ತದೆ.

ಈ ಕಳ್ಳಿಯದೂ ಒಂದು ಕಥೆ. 1795ರಲ್ಲಿ ಕೆಂಪು ಬಣ್ಣದ ವ್ಯಾಪಾರಕ್ಕೆಂದು ಇಂಗ್ಲಿಷರು ಬ್ರೆಜಿಲ್‌ನಿಂದ ಕಳ್ಳಿಯ ಹುಳ ತರಿಸಿದರು. ಬಂದದ್ದು ಬೇರೆ ಜಾತಿ. ಒಳ್ಳೇ ಬಣ್ಣ ಕೊಡಲಿಲ್ಲ, ಒಂದು ಬಗೆಯ ಕಳ್ಳಿಯನ್ನು ತಿಂದು ಮುಗಿಸಿತು. ಉಳಿದ ಬಗೆಗೆ 1926ರಲ್ಲಿ ಸಿಲೋನಿನಿಂದ ಇನ್ನೊಂದು ಹುಳ ತಂದು ಬಿಟ್ಟರು, ಕೆಲವೇ ವರ್ಷಗಳಲ್ಲಿ ದಕ್ಷಿಣದ ಕಳ್ಳಿಕಾಡುಗಳು ಕುಸಿದವು. ನಿಮ್ಮ ಬೇಲಿಯ ಕಳ್ಳಿ ಮೇಲೆ ಬಿಳಿ ಹತ್ತಿಯಂಥದ್ದು ಕಂಡರೆ ಕಡ್ಡಿಯಿಂದ ಒತ್ತಿ ನೋಡಿ. ರಕ್ತದಂತೆ ಕೆಂಪು ಬಂದರೆ ಅದೇ ಮನೆತನ.

ಮುಳ್ಳು ಒಳಗೇ ಮುರಿದಿದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕಂತೆ?

ಗಾದೆಗೆ ಚೆನ್ನ, ಕಾಲಿಗೆ ಚೆನ್ನಲ್ಲ. ಬೆಂಕಿಯಲ್ಲಿ ಕಾಯಿಸಿ ಆರಿಸಿದ ಸೂಜಿ, ಚಿಮಟ, ಸೋಪುನೀರು. ಧನುರ್ವಾಯುವಿನ ಇಂಜೆಕ್ಷನ್ ಯಾವಾಗ ಹಾಕಿಸಿಕೊಂಡಿರಿ ಎಂದು ನೆನಪಿಲ್ಲದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಮೊಣಕಾಲು, ಬೆರಳ ಗೆಣ್ಣಿನ ಹತ್ತಿರ ಚುಚ್ಚಿ ವಾರಗಳ ಮೇಲೆ ಬಾವು ಬಂದರೂ "ಆ ಮುಳ್ಳು ಅವತ್ತೇ ಹೋಯ್ತು" ಅನ್ನಬೇಡಿ. ತುಣುಕು ಕೀಲಿನೊಳಗೆ ಉಳಿದಿರಬಹುದು. ಎಕ್ಸ್‌ರೇಯಲ್ಲಿ ಗಿಡದ ಮುಳ್ಳು ಸಾಮಾನ್ಯವಾಗಿ ಕಾಣುವುದಿಲ್ಲ, ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ಡಾಕ್ಟರಿಗೆ ಮುಳ್ಳಿನ ವಿಷಯ ನೀವೇ ಹೇಳಿ. ಸಕ್ಕರೆ ಕಾಯಿಲೆ ಇರುವವರು ಕಾಲಿನ ಮುಳ್ಳಿಗೆ ಮನೆಮದ್ದು ಮಾಡಲೇಬೇಡಿ.

ಅಂಗಳದ ತುಂಬ ನೆಗ್ಗಿಲು ಮುಳ್ಳು, ಸೈಕಲ್ ದಿನಾ ಪಂಕ್ಚರ್.

ಹಳದಿ ಹೂ ಬಿಟ್ಟಾಗಲೇ, ಕಾಯಿ ಕಟ್ಟುವ ಮುಂಚೆ ಕೀಳಿ. ಉದುರಿದ ಮುಳ್ಳಿಗೆ ಹಳೇ ಗೋಣಿಚೀಲದ ಮೇಲೆ ಕಲ್ಲಿಟ್ಟು ಅಂಗಳದ ತುಂಬ ಎಳೆಯಿರಿ, ಅಂಟಿಕೊಂಡು ಬರುತ್ತವೆ. ಬೀಜ ನೆಲದಲ್ಲಿ ವರ್ಷಗಟ್ಟಲೆ ಕಾಯುತ್ತದೆ, ಆದ್ದರಿಂದ ಮುಂದಿನ ಮಳೆಗಾಲಕ್ಕೂ ಗೋಣಿಚೀಲ ಎತ್ತಿಡಿ.

ಹಾಲುಗಳ್ಳಿಯ ಬೇಲಿ ಸವರುವಾಗ ಹಾಲು ಕಣ್ಣಿಗೆ ಸಿಡಿಯಿತು.

ಇದನ್ನು ಓದುತ್ತ ಕೂರಬೇಡಿ. ಹರಿಯುವ ನೀರಿನಲ್ಲಿ ಕನಿಷ್ಠ ಕಾಲು ಗಂಟೆ ತೊಳೆದು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಉಜ್ಜಬೇಡಿ, ಎಣ್ಣೆ ಬಿಡಬೇಡಿ. ಮೊದಲಿಗೆ ಸುಮ್ಮನಿದ್ದು ಕೆಲವು ಗಂಟೆಗಳ ಮೇಲೆ ಉರಿ ಏರುತ್ತದೆ.

ಜಾಲಿ ತೆಗೆದ ಮೇಲೆ ಅಲ್ಲಿ ಏನು ನೆಡಲಿ?

ಪೈಪಿನಿಂದ ಆರೇಳು ಅಡಿ ದೂರ ಬಿಟ್ಟರೆ ಕರಿಬೇವು, ನುಗ್ಗೆ, ದಾಸವಾಳ ಏನಾದರೂ ಆಗಲಿ. ಪೈಪಿನ ಮೇಲೆಯೇ ಆದರೆ ತುಳಸಿ, ಚೆಂಡುಹೂ. ಆಲ, ಅರಳಿ, ಅತ್ತಿಯನ್ನು ಕಾಂಪೌಂಡಿನೊಳಗೆ ಬೇಡ. ಆ ಬೇರಿನ ಎದುರು ನಮ್ಮ ಯುಗಾದಿಯ ಜಡೆ ಚೌಲಿ.

ನಮ್ಮಲ್ಲಿ ಈಗ ಆ ಚೇಂಬರಿನ ಪಕ್ಕ ಗರಿಕೆಯನ್ನೇ ಬಿಟ್ಟಿದ್ದೇವೆ. ಬೇಸಿಗೆಯಲ್ಲಿ ಅದು ಒಣಗಿದ್ದರೆ ಚಾಚಾನಿಗೆ ಫೋನ್ ಮಾಡುವ ಕೆಲಸವಿಲ್ಲ.